ಉಳಿದ ಎಳೆಗಳ ಇತಿಹಾಸ



ಇತಿಹಾಸ ಎಂದೊಡನೆ ನಿಮಗೆ ಗುಡಿ, ಕೋಟೆ, ಶಾಸನಗಳು ನೆನಪಾಗುತ್ತವೆ. ಗದಗ ಸೀಮೆಯಲ್ಲಿ ಅವುಗಳಿಗೆ ಕೊರತೆಯಿಲ್ಲ. ಗದಗಿನಲ್ಲಿ ತ್ರಿಕೂಟೇಶ್ವರ, ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ, ಹಿಂದೆ ಪುಲಿಗೆರೆ ಎನಿಸಿಕೊಂಡಿದ್ದ ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ, ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿ ಇವೆ. ಯಾವ ಅರಸ ಯಾವ ದೇವರಿಗೆ ಎಷ್ಟು ಮತ್ತರು ಭೂಮಿ ಕೊಟ್ಟನೆಂಬುದನ್ನು ಕಲ್ಲು ಇಂದಿಗೂ ಹೇಳುತ್ತದೆ. ಆದರೆ ಆ ಕಲ್ಲನ್ನು ಕಡೆದ ಕೂಲಿಯವನು ಚಳಿಗಾಲದ ರಾತ್ರಿ ಏನು ಹೊದ್ದು ಮಲಗಿದ? ಅವನ ಮಗುವಿನ ಮೈಮೇಲೆ ಏನಿತ್ತು? ಅದನ್ನು ಯಾವ ಶಾಸನವೂ ಹೇಳುವುದಿಲ್ಲ.

ಹೊದಿಕೆಗೂ ಒಂದು ಇತಿಹಾಸವಿದೆ. ಅದನ್ನು ಬರೆದವರು ಹೆಣ್ಣುಮಕ್ಕಳು. ಬರೆದದ್ದು ಸೂಜಿಯಿಂದ, ಹರಿದ ಬಟ್ಟೆಯ ಮೇಲೆ, ಉಳಿದ ನೂಲಿನಿಂದ. ಉತ್ತರ ಕರ್ನಾಟಕದಲ್ಲಿ ಅದರ ಹೆಸರು ಕೌದಿ. ಮನೆಯಲ್ಲಿ ಮಿಕ್ಕ ಉಣ್ಣೆಯ ನೂಲಿನಿಂದ ಅಜ್ಜಿ ಹೆಣೆಯುವ ಕಾಲುಚೀಲ, ಚೌಕ ಚೌಕವಾಗಿ ಕೂಡಿಸುವ ಬಣ್ಣದ ಹೊದಿಕೆ ಇವೂ ಅದೇ ಕುಟುಂಬಕ್ಕೆ ಸೇರಿದವು. ಇವುಗಳನ್ನು ನಾವು ಬಿಡುವಿನ ವೇಳೆಯ ಕೆಲಸವೆಂದು ತಿಳಿದು ಸುಮ್ಮನಾಗುತ್ತೇವೆ. ಆದರೆ ಇವುಗಳ ಹಿಂದೆ ಹತ್ತಿಯ ವ್ಯಾಪಾರವಿದೆ, ಬರಗಾಲವಿದೆ, ಯುದ್ಧವಿದೆ. ಇವು ಹೇಗೆ ಒಂದಕ್ಕೊಂದು ಕೂಡಿಕೊಂಡಿವೆ ಎಂಬುದನ್ನು ನೋಡೋಣ.

ಒಂದು ಸೀರೆಗೆ ಎಷ್ಟು ನೂಲು?

ಮೊದಲು ಒಂದು ಸಣ್ಣ ಲೆಕ್ಕ ಮಾಡಿ. ಕಾಗದ, ಪೆನ್ಸಿಲು ತೆಗೆದುಕೊಳ್ಳಿ. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ಎಳೆಗಳಿಗೆ ಹಾಸು ಎನ್ನುತ್ತಾರೆ. ಲಾಳಿ ಅಡ್ಡಡ್ಡ ಓಡಿಸುವ ಎಳೆಗೆ ಹೊಕ್ಕು ಎನ್ನುತ್ತಾರೆ. ಒಂದು ಸೀರೆಯ ಅಗಲ 45 ಅಂಗುಲ, ಉದ್ದ 8 ಮೀಟರ್, ಅಂಗುಲಕ್ಕೆ 50 ಎಳೆ ಎಂದು ಇಟ್ಟುಕೊಳ್ಳೋಣ. ಆಗ ಹಾಸಿನಲ್ಲಿ 2,250 ಎಳೆಗಳು. ಒಂದೊಂದೂ 8 ಮೀಟರ್. ಅಂದರೆ 18,000 ಮೀಟರ್, 18 ಕಿಲೋಮೀಟರ್. ಹೊಕ್ಕಿಗೂ ಹೆಚ್ಚು ಕಡಿಮೆ ಅಷ್ಟೇ ನೂಲು ಬೇಕು. ಒಟ್ಟು 36 ಕಿಲೋಮೀಟರ್! ಗದಗಿನಲ್ಲಿ ಎಳೆಯ ಒಂದು ತುದಿ ಕಟ್ಟಿ ಹೊರಟರೆ ಲಕ್ಷ್ಮೇಶ್ವರದ ಹತ್ತಿರಕ್ಕೆ ಬಂದುಬಿಡಬಹುದು.

ಈಗ ಇದನ್ನು ರಾಟೆಯ ಮೇಲೆ ಕೈಯಿಂದ ನೂಲಬೇಕು. ಗಂಟೆಗೆ 300 ಗಜ ನೂತರೂ 36 ಕಿಲೋಮೀಟರಿಗೆ 130 ಗಂಟೆಗಳಿಗಿಂತ ಹೆಚ್ಚು ಬೇಕು. ದಿನಕ್ಕೆ 8 ಗಂಟೆ ಬೇರೇನೂ ಮಾಡದೆ ಕುಳಿತರೆ 16 ದಿನ. ಇದರಲ್ಲಿ ಹತ್ತಿ ಬಿಡಿಸಿದ್ದು, ಬೀಜ ತೆಗೆದದ್ದು, ಅರಳೆ ಹಿಂಜಿ ಹಂಜಿ ಮಾಡಿದ್ದು, ನೂಲಿಗೆ ಗಂಜಿ ಹಾಕಿದ್ದು, ಕಡೆಗೆ ಮಗ್ಗದಲ್ಲಿ ನೇಯ್ದದ್ದು ಯಾವುದೂ ಸೇರಿಲ್ಲ.

ಈ ಲೆಕ್ಕ ಒಮ್ಮೆ ನಮ್ಮ ರಾಷ್ಟ್ರೀಯ ರಾಜಕಾರಣಕ್ಕೂ ಬಂದಿತ್ತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಕಾಂಗ್ರೆಸ್ಸಿನ ಸದಸ್ಯರು ತಿಂಗಳಿಗೆ 2,000 ಗಜದಂತೆ ಕೈನೂಲನ್ನು ಚಂದಾ ರೂಪದಲ್ಲಿ ಕೊಡಬೇಕೆಂಬ ನಿಯಮ ಅಲ್ಲಿ ಅಂಗೀಕಾರವಾಯಿತು. ಹಲವರಿಗೆ ಅದು ಕಷ್ಟವಾಯಿತು. ಮರುವರ್ಷವೇ ನಿಯಮವನ್ನು ಸಡಿಲಿಸಬೇಕಾಯಿತು. ನಮ್ಮ ಲೆಕ್ಕದ ಸೀರೆಗೆ ಬೇಕಾದದ್ದು ಸುಮಾರು 39,000 ಗಜ. ಅಂದರೆ ಒಬ್ಬ ಸದಸ್ಯನ ಸುಮಾರು 20 ತಿಂಗಳ ಚಂದಾ ಒಂದೇ ಸೀರೆಯೊಳಗೆ ಅಡಗಿದೆ. ದೇಶದ ನಾಯಕರಿಗೆ ಭಾರವೆನಿಸಿದ ಆ ಕೆಲಸವನ್ನು ಊರೂರಿನ ಹೆಂಗಸರು ತಲೆತಲಾಂತರದಿಂದ ಮನೆಗೆಲಸದ ನಡುವೆಯೇ ಮಾಡುತ್ತ ಬಂದಿದ್ದರು.

ಇಷ್ಟು ದುಡಿಮೆ ಅಡಗಿರುವ ಬಟ್ಟೆಯನ್ನು ಹರಿಯಿತೆಂದು ಎಸೆಯಲು ಯಾರಿಗೆ ಮನಸ್ಸು ಬಂದೀತು? ಹಳಬರ ಜೋಪಾನವನ್ನು ನಾವು ಜಿಪುಣತನವೆಂದು ನಗುವುದುಂಟು. ಅದು ಜಿಪುಣತನವಲ್ಲ. ಒಂದು ಎಳೆಯ ಬೆಲೆ ಏನೆಂಬುದು ಕೈಗೆ ಗೊತ್ತಿದ್ದವರ ನಡವಳಿಕೆ.

ಸೀರೆಯಿಂದ ಕೌದಿಗೆ

ಬೆಟಗೇರಿ ನೇಕಾರರ ಊರು. ಇಲ್ಲಿಯೂ ಗಜೇಂದ್ರಗಡದಲ್ಲಿಯೂ ಕೈಮಗ್ಗದ ಸೀರೆಗಳ ಪರಂಪರೆ ದೊಡ್ಡದು. ನೇಕಾರ ಒಂದು ಹಾಸು ಮುಗಿದ ಮೇಲೆ ಅದರ ತುದಿಯನ್ನು ಮಗ್ಗದಲ್ಲೇ ಉಳಿಸಿಕೊಂಡು, ಹೊಸ ಹಾಸಿನ ಎಳೆಗಳನ್ನು ಅದಕ್ಕೆ ಒಂದೊಂದಾಗಿ ಹೊಸೆದು ಕೂಡಿಸುತ್ತಾನೆ. ಹಳೆಯದರ ಕೊನೆಯೇ ಹೊಸದರ ಆರಂಭ. ಸಾವಕಾರರಿಂದ ತೂಕ ಮಾಡಿ ನೂಲು ತಂದು, ಸೀರೆ ಮಾಡಿ ಒಪ್ಪಿಸುವ ಮನೆಗಳಲ್ಲಂತೂ ಒಂದು ತುಂಡು ನೂಲಿಗೂ ಲೆಕ್ಕವುಂಟು.

ಮಗ್ಗದಿಂದ ಇಳಿದ ಸೀರೆಯ ಬಾಳು ದೀರ್ಘವಾದದ್ದು. ಮೊದಲು ಹಬ್ಬಕ್ಕೆ, ಆಮೇಲೆ ದಿನದ ಉಡಿಗೆಗೆ. ನಡುವೆ ಸವೆದರೆ ಎರಡು ತುಂಡು ಮಾಡಿ, ಗಟ್ಟಿಯಾಗಿ ಉಳಿದ ಭಾಗಗಳನ್ನು ಕೂಡಿಸಿ ಹೊಲಿಯುವುದು. ಅದೂ ಮುಗಿದರೆ ಮಗುವಿನ ಕುಂಚಿಗೆ, ತಲೆಗೆ ಕುಲಾವಿ, ತೊಟ್ಟಿಲಿಗೆ ಹಾಸು. ಅದೂ ಮುಗಿದ ಮೇಲೆ ಕೌದಿಯ ಸರದಿ. ಕೌದಿಗೂ ಬಾರದ ಚಿಂದಿ ಕೊಡದ ಕೆಳಗಿನ ಸಿಂಬಿಯಾಗುತ್ತದೆ, ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಅರಿವೆಯಾಗುತ್ತದೆ. ತೀರ ಕೊನೆಗೆ ದೀಪದ ಬತ್ತಿಯಾಗಿ ಉರಿದುಹೋಗುತ್ತದೆ.

ಕೌದಿ ಹೊಲಿಯುವ ಬಗೆಯನ್ನು ನೋಡದವರಿಗಾಗಿ ಹೇಳುತ್ತೇನೆ. ಹಳೆಯ ಸೀರೆ ಅಥವಾ ಧೋತರವನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸುತ್ತಾರೆ. ಅದರ ಮೇಲೆ ಹಳೆಯ ಬಟ್ಟೆಗಳ ಪದರಗಳು. ಎಲ್ಲಕ್ಕಿಂತ ಮೇಲೆ ಅಂಗಿ, ಕುಬಸ, ಸೀರೆಯ ದಡಿ ಮುಂತಾದವುಗಳ ಬಣ್ಣಬಣ್ಣದ ತುಂಡುಗಳು. ಆಮೇಲೆ ಅಂಚಿನಿಂದ ಹೊಲಿಗೆ ಆರಂಭಿಸಿ ಸಾಲು ಸಾಲಾಗಿ ನಡುವಿನ ಕಡೆಗೆ ಸಾಗುತ್ತಾರೆ. ಸೂಜಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓಡುವ ಸಾದಾ ಹೊಲಿಗೆ. ನಾಲ್ಕು ಜನ ನಾಲ್ಕು ದಿಕ್ಕಿಗೆ ಕುಳಿತರೆ ಕೆಲಸ ಬೇಗ ಸಾಗುತ್ತದೆ. ಮಾತು, ಹಾಡು ಜೊತೆಗೆ ಸಾಗುತ್ತವೆ.

ಇದರಲ್ಲಿ ವಿಜ್ಞಾನವೂ ಇದೆ. ಕೌದಿ ತಾನೇ ಶಾಖವನ್ನು ಹುಟ್ಟಿಸುವುದಿಲ್ಲ. ಅದರ ಪದರಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅಲುಗದೆ ನಿಂತ ಗಾಳಿ ಶಾಖವನ್ನು ಬೇಗ ಹೊರಗೆ ಬಿಡುವುದಿಲ್ಲ. ಆದ್ದರಿಂದ ನಮ್ಮ ಮೈಯ ಬಿಸಿ ನಮಗೇ ಉಳಿಯುತ್ತದೆ. ಒತ್ತೊತ್ತಾದ ಹೊಲಿಗೆಯ ಸಾಲುಗಳು ಪದರಗಳು ಜಾರದಂತೆ ಹಿಡಿದಿಡುತ್ತವೆ. ಸವೆದು ಬಲ ಕಳೆದುಕೊಂಡ ಐದಾರು ಬಟ್ಟೆಗಳು ಹೀಗೆ ಒಂದಾಗಿ ಮತ್ತೆ ಹಲವು ವರ್ಷ ಬಾಳುತ್ತವೆ.

ಈ ಕೆಲಸ ಬಹಳ ಹಳೆಯದೆಂಬುದಕ್ಕೆ ನಮ್ಮ ಮಾತೇ ಸಾಕ್ಷಿ. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಕಂತೆ ಎಂದರೂ ಬೊಂತೆ ಎಂದರೂ ಚಿಂದಿಗಳನ್ನು ಕೂಡಿಸಿ ಹೊಲಿದ ಹೊದಿಕೆಯೇ. ಹನ್ನೆರಡನೆಯ ಶತಮಾನದ ಶರಣೆಯೊಬ್ಬಳ ಹೆಸರು ಬೊಂತಾದೇವಿ. ಅವಳು ಹೊದ್ದ ಬೊಂತೆಯಿಂದಲೇ ಆ ಹೆಸರು ಬಂತೆಂದು ಸಂಪ್ರದಾಯ ಹೇಳುತ್ತದೆ. ಕಂತೆ ಎಂಬ ಮಾತು ಸಂಸ್ಕೃತದ ಕಂಥಾ ಶಬ್ದದಿಂದ ಬಂದದ್ದು. ಬಂಗಾಳದ ಹೆಣ್ಣುಮಕ್ಕಳು ಹೊಲಿಯುವ ಕಾಂಥಾ ಹೊದಿಕೆಯ ಹೆಸರೂ ಅದೇ. ಮಹಾರಾಷ್ಟ್ರದಲ್ಲಿ ಇದು ಗೋಧಡಿ. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿಯರು ಹೊಲಿಯುವುದು ಕವಂದಿ. ಅವರ ಪೂರ್ವಿಕರು ಆಫ್ರಿಕದಿಂದ ಬಂದವರು. ಕವಂದಿಯ ಮೂಲೆಗಳಿಗೆ ಮಡಿಚಿದ ಬಟ್ಟೆಯ ಸಣ್ಣ ಹೂಗಳನ್ನು ಹೊಲಿಯುತ್ತಾರೆ. ಆ ಹೂವಿಲ್ಲದಿದ್ದರೆ ಹೊದಿಕೆ ಬೆತ್ತಲೆ ಎಂಬುದು ಅವರ ಭಾವನೆ. ಬಡತನದಲ್ಲಿ ಹೊಲಿದದ್ದು ನಿಜ. ಆದರೆ ಚೆಲುವನ್ನು ಬಿಟ್ಟುಕೊಟ್ಟು ಹೊಲಿದದ್ದಲ್ಲ.

ಹತ್ತಿ ಬೆಳೆದವರ ಹೊದಿಕೆ

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಗದಗ ಸೀಮೆ ಎರೆಭೂಮಿ, ಹತ್ತಿಯ ಕಣಜ. ಇಷ್ಟು ಹತ್ತಿ ಬೆಳೆಯುವ ನಾಡಿನ ಜನ ಚಿಂದಿ ಕೂಡಿಸಿ ಏಕೆ ಹೊದ್ದರು?

ಇದಕ್ಕೆ ಉತ್ತರ ಹತ್ತೊಂಬತ್ತನೆಯ ಶತಮಾನದಲ್ಲಿ ಸಿಗುತ್ತದೆ. ಇಲ್ಲಿನ ಜವಾರಿ ಹತ್ತಿ ಎತ್ತುಗಳ ಮೇಲೆ, ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅದಕ್ಕಾಗಿ ವ್ಯಾಪಾರಿಗಳು ಅದನ್ನು ಕುಮಟಾ ಹತ್ತಿ ಎಂದೇ ಕರೆದರು. ಇಂಗ್ಲೆಂಡಿನ ಗಿರಣಿಗಳಿಗೆ ಇನ್ನೂ ಉದ್ದ ಎಳೆಯ ಹತ್ತಿ ಬೇಕಿತ್ತು. 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ನ್ಯೂ ಆರ್ಲಿಯನ್ಸ್ ಜಾತಿಯ ಬೀಜವನ್ನು ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿ ನೋಡಿದರು. ಗದಗ ಭಾಗದ ಕರಿಮಣ್ಣಿಗೆ ಅದು ಒಗ್ಗಿತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರು ಮಾರುಕಟ್ಟೆಯಲ್ಲಿ ಹುಟ್ಟಿಕೊಂಡಿತು.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಗುಲಾಮಗಿರಿಯೇ ಆ ಯುದ್ಧದ ಮೂಲ. ಅಲ್ಲಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ಹತ್ತಿ ನಿಂತಿತು. ಇಲ್ಲಿನ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಅದರ ಬೆನ್ನಿಗೆ 1876-78ರ ಭೀಕರ ಬರ ಬಂತು. ಧಾತು, ಈಶ್ವರ ಸಂವತ್ಸರಗಳ ಬರವೆಂದು ಕನ್ನಡ ನಾಡು ಅದನ್ನು ನೆನಪಿನಲ್ಲಿಟ್ಟುಕೊಂಡಿದೆ. 1880ರ ದಶಕದಲ್ಲಿ ಗದಗಿಗೆ ರೈಲು ಬಂದಿತು. ಹತ್ತಿಯ ಅಂಡಿಗೆಗಳು ಇನ್ನೂ ವೇಗವಾಗಿ ಹೊರಗೆ ಹೋದವು. ಗಿರಣಿಯ ನೂಲು ಅಗ್ಗವಾಗಿ ಒಳಗೆ ಬಂದಿತು. ನೇಕಾರರು ಆ ನೂಲನ್ನೇ ಹಾಕಿ ಹೇಗೋ ಮಗ್ಗ ನಡೆಸಿದರು. ಆದರೆ ರಾಟೆ ತಿರುಗಿಸಿ ನಾಲ್ಕು ಕಾಸು ಕಾಣುತ್ತಿದ್ದ ಹೆಣ್ಣುಮಕ್ಕಳ ಗಳಿಕೆ ಹೋಯಿತು. ನೂಲುವ ಕೈಗೆ ಉಳಿದದ್ದು ಸೂಜಿ.

ಇದೇ ಕಥೆಯ ಇನ್ನೊಂದು ತುದಿಯನ್ನು ನೋಡಿ. ಅಮೆರಿಕದ ಅಲಬಾಮ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲ್ಲಿನ ಕಪ್ಪು ಜನರ ಹಿರಿಯರು ಹತ್ತಿಯ ತೋಟದಲ್ಲಿ ಗುಲಾಮರಾಗಿ ದುಡಿದವರು. ಬಿಡುಗಡೆಯಾದ ಮೇಲೂ ಅವರ ಬಡತನ ಬಿಡಲಿಲ್ಲ. ಅಲ್ಲಿನ ಹೆಂಗಸರು ಹೊಲದಲ್ಲಿ ದುಡಿದು ಸವೆದ ಅಂಗಿ, ಷರಾಯಿಗಳನ್ನೇ ಕತ್ತರಿಸಿ ಕೂಡಿಸಿ ಹೊದಿಕೆ ಹೊಲಿದರು. ಕೌದಿಯನ್ನು ಬಲ್ಲವರು ಅವುಗಳ ಮುಂದೆ ನಿಂತರೆ ತಮ್ಮ ಮನೆಯದೇ ಎಂದಾರು. 2002ರಲ್ಲಿ ಆ ಹೊದಿಕೆಗಳು ವಸ್ತುಸಂಗ್ರಹಾಲಯದ ಗೋಡೆಯೇರಿದವು. 2006ರಲ್ಲಿ ಅಮೆರಿಕ ಸರಕಾರ ಅವುಗಳ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ಅಲ್ಲಿ ಗುಲಾಮರು, ಇಲ್ಲಿ ರೈತರು ಮತ್ತು ಕೂಲಿಗಳು. ನಡುವೆ ಎರಡು ಸಮುದ್ರ. ಎರಡೂ ಕಡೆ ಹತ್ತಿ ಬೆಳೆದು ಲೋಕಕ್ಕೆ ಬಟ್ಟೆ ತೊಡಿಸಿದವರೇ ಚಿಂದಿ ಕೂಡಿಸಿ ಹೊದ್ದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಕೊರತೆ ಎಲ್ಲರ ಮನೆಗೂ ಬಂತು. 1943ರಲ್ಲಿ ಸರಕಾರ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ಹೇರಿತು. ‘ಕಂಟ್ರೋಲ್ ಬಟ್ಟೆ’ ಎಂಬ ಮಾತು ಮನೆಮಾತಾಯಿತು. ಉಳ್ಳವರೂ ಆಗ ತೇಪೆ ಹಾಕುವುದನ್ನು ಕಲಿತರು.

ಕರಿಯ ಕಂಬಳಿ

ಗದಗ ಸೀಮೆಯ ಹೊದಿಕೆಯ ಮಾತು ಕಂಬಳಿಯಿಲ್ಲದೆ ಮುಗಿಯದು. ಶಿರಹಟ್ಟಿ, ಮುಂಡರಗಿಗಳ ನಡುವೆ ಹಬ್ಬಿದ ಕಪ್ಪತಗುಡ್ಡದ ಸುತ್ತಲಿನ ಊರುಗಳಲ್ಲಿ ಕುರುಬರು ಕುರಿ ಸಾಕುತ್ತ ಬಂದಿದ್ದಾರೆ. ದಖನಿ ಕುರಿಯ ಉಣ್ಣೆ ಒರಟು, ಬಣ್ಣ ಹೆಚ್ಚಾಗಿ ಕಪ್ಪು. ಹೆಂಗಸರು ಅದನ್ನು ನೂಲುತ್ತಾರೆ. ಗಂಡಸರು ಮಗ್ಗದಲ್ಲಿ ನೇಯುತ್ತಾರೆ. ಹಾಸಿಗೆ ಹುಣಸೆಬೀಜದ ಗಂಜಿ ಹಾಕಿ ಗಡುಸು ಮಾಡುತ್ತಾರೆ. ಜಿನುಗು ಮಳೆಯಲ್ಲಿ ಕುರಿಗಾರ ಅದನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡರೆ ನೀರು ಸುಲಭಕ್ಕೆ ಒಳಗಿಳಿಯುವುದಿಲ್ಲ. ಮಂಗಳ ಕಾರ್ಯಗಳಲ್ಲಿ ಕಂಬಳಿ ಹಾಸಿ ಗದ್ದುಗೆ ಮಾಡುವ ಗೌರವವೂ ಅದಕ್ಕಿದೆ.

ಇಂದು ಕುರಿಯನ್ನು ಮುಖ್ಯವಾಗಿ ಮಾಂಸಕ್ಕಾಗಿ ಸಾಕುತ್ತಾರೆ. ಉಣ್ಣೆ ಮಾರಿ ಬರುವ ಹಣ ಅದನ್ನು ಕತ್ತರಿಸುವ ಕೂಲಿಗೂ ಸಾಲದೆ ಹೋಗುವುದುಂಟು. ಒಂದು ಕಾಲದಲ್ಲಿ ಎಳೆಯೂ ಹಾಳಾಗದಂತೆ ಕಾದ ಉಣ್ಣೆ ಹಲವೆಡೆ ಹೊಲದಲ್ಲೇ ಬಿದ್ದು ಹೋಗುತ್ತಿದೆ.

ಬಿಚ್ಚಿದರೆ ಮತ್ತೆ ನೂಲು

ಇನ್ನು ಹೆಣಿಗೆಯ ಕಡೆಗೆ ಬರೋಣ. ನೇಯ್ಗೆಗೂ ಹೆಣಿಗೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ನೇಯ್ದ ಬಟ್ಟೆಯಲ್ಲಿ ಸಾವಿರಾರು ಎಳೆಗಳಿವೆ. ಅದನ್ನು ಕತ್ತರಿಸಿದ ಮೇಲೆ ಉದ್ದನೆಯ ನೂಲು ಮರಳಿ ಸಿಗುವುದಿಲ್ಲ. ಆದ್ದರಿಂದ ಹರಿದ ನೇಯ್ಗೆ ಕೌದಿಯಾಗುತ್ತದೆ. ಹೆಣಿಗೆ ಹಾಗಲ್ಲ. ಅದು ಒಂದೇ ಎಳೆ, ಕುಣಿಕೆಯೊಳಗೆ ಕುಣಿಕೆಯಾಗಿ ಸಾಗಿದ್ದು. ತುದಿ ಹಿಡಿದು ಎಳೆದರೆ ಇಡೀ ಸ್ವೆಟರ್ ನೂಲಾಗಿ ಬಿಚ್ಚಿಕೊಳ್ಳುತ್ತದೆ. ಆ ನೂಲನ್ನು ಲಡಿ ಮಾಡಿ, ತೊಳೆದು ಒಣಗಿಸಿದರೆ ಸುರುಳಿ ನೀಗಿ ನೆಟ್ಟಗಾಗುತ್ತದೆ. ಅಣ್ಣನ ಹಳೆಯ ಸ್ವೆಟರ್ ತಂಗಿಯ ಟೋಪಿಯೂ ಕಾಲುಚೀಲವೂ ಆಗುವುದು ಹೀಗೆ. ನೂಲು ಸಾಲದಿದ್ದರೆ ಇನ್ನೊಂದು ಬಣ್ಣದ ಪಟ್ಟೆ. ಕೊಕ್ಕೆಸೂಜಿಯ ಕ್ರೋಶಾ ಕೆಲಸದಲ್ಲಿ ಅಂಗೈಯಷ್ಟು ಚೌಕಕ್ಕೆ ಸ್ವಲ್ಪ ನೂಲು ಸಾಕು. ಅಂಥ ನೂರಾರು ಚೌಕಗಳು ಕೂಡಿದರೆ ಒಂದು ಹೊದಿಕೆ.

ಕಾಲುಚೀಲದ ಚರಿತ್ರೆ ಈಜಿಪ್ಟಿನಿಂದ ನಮಗೆ ಸ್ಪಷ್ಟವಾಗಿ ಕಾಣುತ್ತದೆ. ಸುಮಾರು 1,600 ವರ್ಷಗಳ ಹಿಂದಿನ ಉಣ್ಣೆಯ ಕಾಲುಚೀಲಗಳು ಅಲ್ಲಿನ ಒಣ ಮರಳಿನಲ್ಲಿ ಸಿಕ್ಕಿವೆ; ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿವೆ. ಚಪ್ಪಲಿ ಮೆಟ್ಟಲು ಅನುಕೂಲವಾಗುವಂತೆ ಹೆಬ್ಬೆರಳಿಗೆ ಬೇರೆ ಮನೆ ಬಿಟ್ಟಿದ್ದಾರೆ. ಅವು ಒಂಟಿ ಸೂಜಿಯಿಂದ ಮಾಡಿದವು. ಕಡ್ಡಿಗಳ ಮೇಲೆ ಹೆಣೆಯುವ ವಿಧಾನ ಮುಂದೆ ಬೆಳೆದು ಯುರೋಪಿಗೆ ಹಬ್ಬಿತು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನೇ ಮಾಡಿದ.

ನಮ್ಮ ನಾಡಿನಲ್ಲಿ ಕಡ್ಡಿಯ ಹೆಣಿಗೆ ಹರಡಲು ಮಿಷನರಿಗಳ ಹೆಣ್ಣುಮಕ್ಕಳ ಶಾಲೆಗಳು ಒಂದು ಮುಖ್ಯ ಕಾರಣ. ಓದು-ಬರಹದ ಜೊತೆಗೆ ಹೊಲಿಗೆ, ಹೆಣಿಗೆ ಅಲ್ಲಿನ ಪಾಠದಲ್ಲಿ ಸೇರಿರುತ್ತಿದ್ದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಕಾಲಿಟ್ಟಿತು. 

ಹೆಣಿಗೆ ಮನೆಯಿಂದ ಯುದ್ಧಭೂಮಿಗೂ ಹೋಯಿತು. 1914-18ರ ಮಹಾಯುದ್ಧದಲ್ಲಿ ಸೈನಿಕರು ಕೆಸರು ತುಂಬಿದ ಕಂದಕಗಳಲ್ಲಿ ನಿಂತು ಅವರ ಪಾದಗಳು ಕೊಳೆಯತೊಡಗಿದವು. ಒಣಗಿದ ಕಾಲುಚೀಲವೇ ಅದಕ್ಕೆ ಮೊದಲ ಮದ್ದು. ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಹೆಂಗಸರು, ಶಾಲೆಯ ಮಕ್ಕಳು ಲಕ್ಷಗಟ್ಟಲೆ ಕಾಲುಚೀಲ ಹೆಣೆದು ಕಳಿಸಿದರು. ನಮ್ಮಲ್ಲಿ 1962ರಲ್ಲಿ ಚೀನಾದೊಡನೆ ಯುದ್ಧವಾದಾಗ ಹಿಮಾಲಯದ ಚಳಿಯಲ್ಲಿದ್ದ ಜವಾನರಿಗಾಗಿ ದೇಶದ ನಾನಾ ಕಡೆ ಹೆಣ್ಣುಮಕ್ಕಳು ಸ್ವೆಟರ್, ಕಾಲುಚೀಲ ಹೆಣೆದರು. ಹಿಮವನ್ನೇ ಕಾಣದವರು ಹಿಮದಲ್ಲಿ ನಿಂತವರ ಪಾದವನ್ನು ನೆನೆದು ಹೆಣೆದದ್ದು ಅದು.

ನೀವು ಮಾಡಬಹುದಾದ ಕೆಲಸ

ಈಗ ನೂರಿನ್ನೂರು ರೂಪಾಯಿಗೆ ಅಂಗಡಿಯಲ್ಲಿ ಗಿರಣಿಯ ಹೊದಿಕೆ ಸಿಗುತ್ತದೆ. ಹಳೆಯ ಬಟ್ಟೆಗಳಲ್ಲಿ ಹತ್ತಿಯೇ ಕಡಿಮೆ. ಪಾಲಿಯೆಸ್ಟರ್ ಜಾರುತ್ತದೆ, ಬೆವರು ಹೀರುವುದಿಲ್ಲ. ಮನೆಯಲ್ಲಿ ಕೌದಿ ಹೊಲಿಯುವವರು ಕಡಿಮೆಯಾಗಿದ್ದಾರೆ. ಅದೇ ಹೊತ್ತಿಗೆ ಪಟ್ಟಣದ ಅಂಗಡಿಗಳಲ್ಲಿ ಕೌದಿ ಕೆಲಸದ ಹೊದಿಕೆಗಳು ದುಬಾರಿ ಬೆಲೆಗೆ ಮಾರಾಟವಾಗುತ್ತಿವೆ. ಇದು ಸಂತೋಷದ ಮಾತೇ. ಆದರೆ ಆ ಬೆಲೆಯಲ್ಲಿ ಹೊಲಿದ ಕೈಗೆ ಎಷ್ಟು ಸೇರಿತು ಎಂದು ಕೇಳುವುದು ಕೊಳ್ಳುವವರ ಕರ್ತವ್ಯ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ, ನವಲಗುಂದದ ಜಮಖಾನಕ್ಕೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ದೊರೆಯಿತು. ಮನ್ನಣೆ ಕೆಲಸಕ್ಕೆ ಹೆಸರು ತರುತ್ತದೆ. ಮಾಡುವವರಿಗೆ ನ್ಯಾಯವಾದ ಕೂಲಿ ಸಿಕ್ಕಾಗ ಮಾತ್ರ ಆ ಕೆಲಸ ಮುಂದಿನ ಪೀಳಿಗೆಗೆ ದಾಟುತ್ತದೆ.

ಕೌದಿಯ ಇನ್ನೊಂದು ಗುಣವನ್ನು ಇತಿಹಾಸದ ವಿದ್ಯಾರ್ಥಿಗಳು ಮರೆಯಬಾರದು. ಶಾಸನ ನಿಲ್ಲಲೆಂದೇ ಕೆತ್ತಿದ್ದು. ಕೌದಿ ಸವೆಯಲೆಂದೇ ಹೊಲಿದದ್ದು. ಚೆನ್ನಾಗಿ ಬಳಕೆಯಾದಷ್ಟೂ ಅದು ಬೇಗ ಇಲ್ಲವಾಗುತ್ತದೆ. ಬಡವರ ಮನೆಯ ನೂರು ವರ್ಷ ಹಿಂದಿನ ಹೊದಿಕೆ ನಮ್ಮ ಕೈಗೆ ಸಿಗುವುದು ಅಪರೂಪ. ಸಿಗುವುದು ಹೊಲಿದವರ ನೆನಪು ಮಾತ್ರ. ಆ ನೆನಪೂ ಅವರೊಂದಿಗೆ ಹೋಗುತ್ತದೆ.

ಆದ್ದರಿಂದ ಒಂದು ಕೆಲಸ ಹೇಳುತ್ತೇನೆ. ಈ ರಜೆಯಲ್ಲಿ ನಿಮ್ಮ ಮನೆಯ ಅಥವಾ ಓಣಿಯ ಒಂದು ಹಳೆಯ ಕೌದಿಯನ್ನು ಅಂಗಳದಲ್ಲಿ ಹಾಸಿ. ಅದನ್ನು ಹೊಲಿದವರನ್ನು, ಅವರಿಲ್ಲದಿದ್ದರೆ ಹೊಲಿದದ್ದನ್ನು ಕಂಡವರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ. ಒಂದೊಂದು ತುಂಡಿಗೂ ನಂಬರು ಹಾಕಿ ಬರೆದುಕೊಳ್ಳಿ. ಇದು ಯಾರ ಅಂಗಿ? ಯಾವ ಊರಿನ ಸೀರೆ? ಮಗ್ಗದ್ದೋ, ಗಿರಣಿಯದೋ? ಯಾವ ವರ್ಷ ಕೊಂಡದ್ದು, ಆ ವರ್ಷ ಮಳೆ ಹೇಗಿತ್ತು, ಹತ್ತಿಗೆ ಏನು ಬೆಲೆ ಸಿಕ್ಕಿತ್ತು? ಹೊಲಿಯಲು ಎಷ್ಟು ದಿನ ಹಿಡಿಯಿತು, ಜೊತೆಗೆ ಯಾರು ಕುಳಿತಿದ್ದರು? ಕಡೆಗೆ ಬರೆದವರ ಹೆಸರಿನ ಮೇಲೆ ಹೊಲಿದವರ ಹೆಸರನ್ನು ಬರೆಯಿರಿ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಗಾದೆ ನಮಗೆ ಬುದ್ಧಿ ಹೇಳುತ್ತದೆ. ಈ ಹೆಣ್ಣುಮಕ್ಕಳು ಕಾಲು ಮಡಿಚಿಕೊಂಡು ಸುಮ್ಮನಿರಲಿಲ್ಲ. ಮನೆಯಲ್ಲಿ ಮಕ್ಕಳು ಹೆಚ್ಚಿದಂತೆ ತುಂಡಿಗೆ ತುಂಡು ಕೂಡಿಸಿ ಹಾಸಿಗೆಯನ್ನೇ ಬೆಳೆಸಿದರು.